ವೆಲ್ಡಾ ಕೊಂಡ ಅಗ್ಗದ ಕೋವಿ

ಅಪ್ಪನನ್ನು ಮಣ್ಣು ಮಾಡಿ ಬಂದವರು ಇನ್ನೂ ತಟ್ಟೆ ಹಿಡಿದು ಊಟ ಮಾಡುತ್ತಿದ್ದರು, ಅಷ್ಟರಲ್ಲೇ ಡೆನ್ಜಿಲ್ ಗೋಡೆಯ ಮೇಲಿದ್ದ ಕೋವಿ ಇಳಿಸಿಕೊಂಡು ಹೋಗಿ ತನ್ನ ಟ್ರಕ್ಕಿನ ಸೀಟಿನ ಹಿಂದೆ ಇಟ್ಟುಬಿಟ್ಟ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳುವುದಾದರೂ ಏನು? ವೆಸ್ಟ್ ವರ್ಜೀನಿಯಾದ ನಮ್ಮ ಈ ಬೆಟ್ಟಗಳಲ್ಲಿ ಅಪ್ಪನ ಕೋವಿ ಮಗನಿಗೆ, ಅಮ್ಮನ ಕೌದಿ ಮಗಳಿಗೆ. ಯಾವ ಪುಣ್ಯಾತ್ಮ ಮಾಡಿಟ್ಟ ಕಟ್ಟಳೆಯೋ ಗೊತ್ತಿಲ್ಲ, ಎಲ್ಲರೂ ತಲೆ ತಗ್ಗಿಸಿ ನಡೆಸಿಕೊಂಡು ಬಂದಿದ್ದಾರೆ. ಅಡುಗೆಮನೆಯ ಕಿಟಕಿಯಿಂದ ವೆಲ್ಡಾ ಎಲ್ಲವನ್ನೂ ನೋಡಿದಳು. ಕೈಯಲ್ಲಿದ್ದ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಾದ್ರಿಯ ಕಾಫಿ ಚೆಲ್ಲಿತು.

ಆ ಕೋವಿಯನ್ನು ಇಪ್ಪತ್ತು ವರ್ಷ ಹೆಗಲ ಮೇಲೆ ಹೊತ್ತವಳು ಅವಳು. ಅಪ್ಪ ಹೋಬರ್ಟ್ ಕೋಗರ್‌ಗೆ ಕಣ್ಣು ಮಂಜಾದ ಮೇಲೆ ಮನೆಗೆ ಮಾಂಸ ತಂದವಳೂ ಅವಳೇ. ತಮ್ಮ ಡೆನ್ಜಿಲ್ ದೂರದ ಪೇಟೆಯಲ್ಲಿ ಟೈರ್ ಅಂಗಡಿ ನೋಡಿಕೊಳ್ಳುತ್ತಿದ್ದ. ವರ್ಷಕ್ಕೊಂದು ಸಲ ನವೆಂಬರಿನಲ್ಲಿ ಬೇಟೆಮನೆಗೆ ಬಂದು, ಇಸ್ಪೀಟು ಆಡಿ, ಬಿಯರ್ ಕುಡಿದು, ಕಾಡಿಗೆ ಒಂದು ಸುತ್ತು ಹಾಕಿ ಹೋಗುತ್ತಿದ್ದ. ಅವನ ಕೈಗೆ ಜಿಂಕೆ ಸಿಕ್ಕಿದ್ದು ಅಪರೂಪ. ಅಂಥವನಿಗೆ ಕೋವಿ. ಇವಳಿಗೆ ಕೌದಿ. ಕೌದಿಯಲ್ಲಿ ಜಿಂಕೆ ಹೊಡೆಯೋಕಾಗುತ್ತಾ ಅಂತ ವೆಲ್ಡಾ ಗಂಡನನ್ನು ಕೇಳಿದಳು. ಗಂಡ ಡಾಯ್ಲ್ ಸಾಧು ಮನುಷ್ಯ, ಲಾರಿ ಓಡಿಸುವವನು, ರಕ್ತ ಕಂಡರೆ ತಲೆ ಸುತ್ತಿ ಬೀಳುವವನು. ಅವನು ಪಾತ್ರೆ ತೊಳೆಯುವುದೇ ಕ್ಷೇಮ ಎಂದುಕೊಂಡ.

ವೆಲ್ಡಾಳ ಸಿಟ್ಟು ಊರಿಗೆಲ್ಲ ಗೊತ್ತು. ಕೋಳಿ ಕಾರ್ಖಾನೆಯಲ್ಲಿ ಅವಳ ಕೆಲಸ: ಬೆಲ್ಟಿನ ಮೇಲೆ ಬರುವ ಜೀವಂತ ಕೋಳಿಗಳ ಕಾಲು ಹಿಡಿದು ಕೊಕ್ಕೆಗೆ ಸಿಕ್ಕಿಸುವುದು. ಒಮ್ಮೆ ಮೇಸ್ತ್ರಿ ಬೆಲ್ಟಿನ ವೇಗ ಹೆಚ್ಚಿಸಿ, ಕೈ ಆಡಿಸಿರಮ್ಮ ಎಂದು ಚಪ್ಪಾಳೆ ತಟ್ಟಿದ. ಇವಳು ಒಂದು ಖಾಲಿ ಕೊಕ್ಕೆ ತೋರಿಸಿ, ಇದು ನಿನ್ನ ಅಳತೆಯದೇ, ಬಾ ಎಂದಳು. ಅವನು ಆಮೇಲೆ ಆ ಕಡೆ ಸುಳಿಯಲಿಲ್ಲ. ಆ ಕೆಲಸದಲ್ಲಿ ಅವಳ ಬಲ ಹೆಗಲು ಸವೆದುಹೋಗಿತ್ತು. ಕಾರ್ಖಾನೆಯವರು ಕಡಿಮೆ ಬೆಲೆಗೆ ಕೋಳಿ ಕೊಡುತ್ತಿದ್ದರು ನಿಜ. ಹಗಲೆಲ್ಲ ಕೋಳಿಯ ಒದೆ ತಿಂದವಳಿಗೆ ಸಂಜೆ ಕೋಳಿ ತಿನ್ನು ಎಂದರೆ ಗಂಟಲಲ್ಲಿ ಇಳಿಯುತ್ತದೆಯೇ? ಅವರ ಮನೆಯ ಚಳಿಗಾಲ ನಡೆಯುತ್ತಿದ್ದದ್ದು ಜಿಂಕೆಯ ಮಾಂಸದ ಮೇಲೆ, ಒಂದಿಷ್ಟು ಫ್ರೀಜರಿನಲ್ಲಿ, ಒಂದಿಷ್ಟು ಬೇಯಿಸಿ ಗಾಜಿನ ಬಾಟಲಿಗಳಲ್ಲಿ.

ಅಕ್ಟೋಬರಿನಲ್ಲಿ ಡೆನ್ಜಿಲ್ ಫೋನ್ ಮಾಡಿದ. "ಅಪ್ಪನ ಬಂಡೆ ಮೇಲೆ ಈ ಸಲ ನಾನು ಕೂರ್ತೀನಿ," ಅಂದ. "ನೀನೂ ಬಾರೇ. ಕೋವಿ ಇಲ್ದಿದ್ರೆ ಏನಾಯ್ತು, ಬೀನ್ಸ್ ಬೇಯ್ಸಿ ಹಾಕೋಕೆ ಒಬ್ರು ಬೇಕಲ್ಲ."

ವೆಲ್ಡಾ ಫೋನನ್ನು ಗೋಡೆಗೆ ಎಸೆಯಲಿಲ್ಲ, ಡಾಯ್ಲ್ ಕೈ ಹಿಡಿದುಕೊಂಡ. ಅವಳಿಗೆ ಬೀನ್ಸ್ ಬೇಯಿಸಲೂ ಬರುವುದಿಲ್ಲ, ಅದು ಬೇರೆ ಮಾತು. ಆ ಮನೆಯಲ್ಲಿ ಒಲೆ ಹಚ್ಚುವವನು ಡಾಯ್ಲ್. ಆದರೆ ಇಪ್ಪತ್ತು ವರ್ಷ ಆ ಬಂಡೆಯ ಮೇಲೆ ಜಿಂಕೆಗೆ ಹೊಂಚಿ ಕೂತವಳನ್ನು ಸೌಟು ಹಿಡಿದು ಬಾ ಎಂದರೆ ಯಾರಿಗಾದರೂ ಮೈ ಉರಿಯಬೇಕು. ಅವಳು ಬೇಟೆಮನೆಯ ಹಿರಿಯ ಓಕಿ ಮಾವನಿಗೆ ಫೋನ್ ಹಚ್ಚಿದಳು. ಓಕಿ ಅಪ್ಪನ ಜೊತೆಗಾರ, ಎಂಬತ್ತು ದಾಟಿದವನು. ಆ ಬೆಟ್ಟದಲ್ಲಿ ಯಾರು ಎಲ್ಲಿ ಕೂರಬೇಕು ಎಂದು ಹೇಳುವವನು ಅವನೇ. ಬಂಡೆ ಹೋಬರ್ಟನ ಕೋವಿಯ ಜೊತೆ ಹೋಗುತ್ತದೆ, ಅದಕ್ಕೆ ನಾನೇನೂ ಮಾಡಲಾರೆ, ಆದರೆ ಬೇಟೆ ಶುರುವಾಗುವ ಸೋಮವಾರ ಬೆಳಿಗ್ಗೆ ತನ್ನದೇ ಕೋವಿ ಹಿಡಿದು ಬಂದವರಿಗೆ ಜಾಗ ಕೊಡದೆ ಇರಲಾರೆ ಎಂದ. ಕೋವಿ ಇದ್ದರೆ ಕಾಡು, ಇಲ್ಲದಿದ್ದರೆ ಅಡುಗೆಮನೆ. ವೆಲ್ಡಾಳಿಗೆ ಅಷ್ಟು ಸಾಕಾಯಿತು. ಬಟ್ಟೆ ಒಗೆಯುವ ಯಂತ್ರ ಕೆಟ್ಟು ಕೂತಿತ್ತು, ಹೊಸದಕ್ಕೆಂದು ನಾನೂರು ಡಾಲರ್ ಕೂಡಿಟ್ಟಿದ್ದಳು. ಬಟ್ಟೆಯನ್ನು ಕೈಯಲ್ಲಿ ಒಗೆಯೋಣ ಎಂದು ಡಾಯ್ಲ್‌ಗೆ ಹೇಳಿದಳು. ಒಗೆಯುವವನು ತಾನೇ ಎಂದು ಅವನಿಗೆ ಗೊತ್ತಿತ್ತು, ಆದರೂ ಹೂಂ ಅಂದ.

ಮೊದಲು ಹೆದ್ದಾರಿಯ ದೊಡ್ಡ ಅಂಗಡಿಗೆ ಹೋದಳು. ಗಡ್ಡಕ್ಕೆ ಎಣ್ಣೆ ಹಚ್ಚಿ ಬಾಚಿಕೊಂಡ ಹುಡುಗನೊಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಗುಲಾಬಿ ಬಣ್ಣದ ಪುಟ್ಟ ಕೋವಿಯೊಂದನ್ನು ತಂದು ಗಾಜಿನ ಮೇಲೆ ಇಟ್ಟ. "ಹೆಂಗಸ್ರಿಗೇ ಅಂತ ಮಾಡಿರೋದು ಮೇಡಂ," ಅಂದ.

"ಜಿಂಕೆಗೆ ಹೇಳಿದ್ದೀರಾ?" ಎಂದಳು ವೆಲ್ಡಾ. "ಹೆಂಗ್ಸು ಬರ್ತಾಳೆ, ಸ್ವಲ್ಪ ಹತ್ರ ಬಂದು ನಿಂತ್ಕೋ ಅಂತ?"

ಹುಡುಗ ನಗಬೇಕೋ ಬೇಡವೋ ತಿಳಿಯದೆ ಇನ್ನೊಂದು ತಂದ. ಅದರ ಬೆಲೆ ಅವಳ ಹಳೆಯ ಕಾರಿಗಿಂತ ಹೆಚ್ಚು. ಆನೆ ಹೊಡೆಯುವಂಥ ತೋಟೆ, ಹೆಗಲಿಗೆ ಬೀಳುವ ಒದೆತವೂ ಹಾಗೆಯೇ. ಅವಳು ಬಾಗಿಲು ದಡಾರನೆ ಹಾಕಿ ಹೊರಬಿದ್ದಳು.

ಆಮೇಲೆ ಒತ್ತೆ ಅಂಗಡಿ. ಅಲ್ಲಿ ಅವಳ ಕಣ್ಣಿಗೆ ಬಿದ್ದದ್ದು ವಾಲ್‌ನಟ್ ಮರದ ಹಿಡಿಯ ಹಳೆಯ ಕೋವಿ. ಬೆಲೆ ಕೈಗೆಟಕುವಂತಿತ್ತು. ಎತ್ತಿಕೊಂಡರೆ ಅಪ್ಪ ಬಳಸುತ್ತಿದ್ದ ಎಣ್ಣೆಯದೇ ವಾಸನೆ. ಅಂಗಡಿಯ ನಡುವೆ ನಿಂತು ಅವಳು ಆ ಮರವನ್ನು ಸವರುತ್ತಲೇ ಇದ್ದಳು. ಕೊಂಡೇಬಿಡುತ್ತಿದ್ದಳೇನೋ. ಆದರೆ ಹೋಬರ್ಟನ ಮಗಳಲ್ಲವೇ, ತೋಟೆ ತುಂಬುವ ಕಡೆಯ ಬೋಲ್ಟ್ ಹೊರತೆಗೆದು, ಹಿಂದಿನ ಕಂಡಿಯಲ್ಲಿ ಹೆಬ್ಬೆಟ್ಟಿನ ಉಗುರು ಇಟ್ಟು, ಬೆಳಕು ಉಗುರಿನ ಮೇಲೆ ಬೀಳುವಂತೆ ಹಿಡಿದು, ನಳಿಗೆಯ ಬಾಯಿಂದ ಒಳಗೆ ನೋಡಿದಳು. ಒಳಗೆಲ್ಲ ತುಕ್ಕು ತಿಂದು ಗುಳಿ ಬಿದ್ದಿತ್ತು. ಅದರ ತೋಟೆಯೂ ಈಗ ಎಲ್ಲೂ ಸಿಗುವುದಿಲ್ಲ ಎಂದು ಅಂಗಡಿಯವನೇ ಬಾಯಿಬಿಟ್ಟ. ಇಂಥ ಕೋವಿಯನ್ನು ಒದ್ದೆ ಮೂಲೆಯಲ್ಲಿ ಎಸೆದು ಹಾಳುಮಾಡಿದವನು ಯಾರೋ, ಅವನ ಕೈ ಸೇದಿಹೋಗಲಿ ಎಂದು ಬೈದುಕೊಂಡೇ ಮನೆಗೆ ಬಂದಳು. ವಾಸನೆಗೆ ಮರುಳಾಗಿ ದುಡ್ಡು ಸುರಿಯಲು ಹೊರಟಿದ್ದ ತನ್ನ ಮೇಲೂ ಸಿಟ್ಟು ಬಂತು.

ಕೊನೆಗೆ ಹೋದದ್ದು ಜೂನಿಯರ್ ವೇರ್‌ನ ಅಂಗಡಿಗೆ. ಹೆಸರು ಜೂನಿಯರ್, ವಯಸ್ಸು ಎಪ್ಪತ್ತರ ಹತ್ತಿರ. ಪೆಟ್ರೋಲು, ದನದ ಹಿಂಡಿ, ಗಾಳಕ್ಕೆ ಸಿಕ್ಕಿಸುವ ಮರಿಮೀನು, ಕೋವಿ, ಎಲ್ಲ ಒಂದೇ ಕೋಣೆಯಲ್ಲಿ. ಕುರ್ಚಿಯಿಂದ ಏಳುವುದೆಂದರೆ ಅವನಿಗೆ ಜೀವ ಹೋದಂತೆ. ಕೂತಲ್ಲಿಂದಲೇ ಕೇಳಿದ: ಎಷ್ಟು ದೂರದಿಂದ ಹೊಡೀತೀಯ, ಹೆಗಲು ಹೇಗಿದೆ, ಎಷ್ಟು ತಂದಿದ್ದೀಯ. ಅವಳು ಹೇಳಿದಳು. ತಂದದ್ದನ್ನೆಲ್ಲ ಕೋವಿಗೇ ಸುರಿಯಬೇಡ, ಗುರಿ ನೋಡುವ ದುರ್ಬೀನಿಗೆ ಒಂದಿಷ್ಟು, ಗುರಿ ಕೂರಿಸಿಕೊಳ್ಳುವ ತೋಟೆಗೆ ಒಂದಿಷ್ಟು ಉಳಿಸಿಕೋ, ನನ್ನಂಥ ದರಿದ್ರ ಅಂಗಡಿಯಲ್ಲೂ ಸಿಗುವ ತೋಟೆಯ ಕೋವಿ ತಗೋ, ಒದೆತ ಕಡಿಮೆಯದು ತಗೋ ಎಂದು ಬೈಯುವ ದನಿಯಲ್ಲೇ ಹೇಳಿ ಗದ್ದದಿಂದ ಮೂಲೆ ತೋರಿಸಿದ. ಅಲ್ಲಿ ಕಪ್ಪು ಪ್ಲಾಸ್ಟಿಕ್ ಹಿಡಿಯದೊಂದು ನಿಂತಿತ್ತು. ಯಾರೋ ಒಂದೇ ಚಳಿಗಾಲ ಬಳಸಿ, ಶೋಕಿಗೆ ಬೇರೆ ಬೇಕೆಂದು ತಂದುಕೊಟ್ಟದ್ದಂತೆ.

"ಇದು ಕೋವಿನಾ, ಕಸದ ಬುಟ್ಟಿನಾ?" ಎಂದಳು ವೆಲ್ಡಾ.

"ಗೋಡೆಗೆ ತಗಲಾಕಿ ನೋಡ್ತಾ ಕೂರೋಕೆ ಬೇಕಾ, ಜಿಂಕೆ ಹೊಡೆಯೋಕೆ ಬೇಕಾ?" ಎಂದ ಜೂನಿಯರ್.

ಅವಳು ಹೆಗಲಿಗೇರಿಸಿದಳು. ಥೂ, ಎಂಥ ಕುರೂಪ. ಕೆನ್ನೆಗೆ ಮರದ ಬಿಸುಪಿಲ್ಲ, ತಣ್ಣನೆಯ ಪ್ಲಾಸ್ಟಿಕ್. ಆದರೆ ಅವಳ ಗಿಡ್ಡ ತೋಳಿಗೆ ಅಳತೆ ಸರಿಯಾಗಿತ್ತು. ಖಾಲಿ ಕೋವಿಯ ಟ್ರಿಗರ್ ಎಳೆದು ನೋಡಿದಳು, ಎಲ್ಲೂ ತೊಡರದೆ ಟಕ್ಕೆಂದಿತು. ಉಗುರಿಟ್ಟು ನಳಿಗೆ ನೋಡಿದಳು, ಕನ್ನಡಿಯಂತಿತ್ತು. ಮೇಲೆ ಕೂರಿಸಿದ್ದ ಅಗ್ಗದ ದುರ್ಬೀನನ್ನು ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಅಲುಗಿತು. ಜೂನಿಯರನನ್ನು ಕುರ್ಚಿಯಿಂದ ಎಬ್ಬಿಸಿ, ಕಣ್ಣೆದುರಿಗೇ ತಿರುಪುಗಳನ್ನು ಬಿಗಿ ಮಾಡಿಸಿದಳು. ಅವನು ಗೊಣಗುತ್ತಲೇ ಬಿಗಿದು, ಸರ್ಕಾರಿ ಕಾಗದ ತುಂಬಿಸಿಕೊಂಡು, ಬೆಲೆಯಲ್ಲಿ ಚೂರು ಬಿಟ್ಟು, ಹೋಬರ್ಟ್ ಒಳ್ಳೆ ಮನುಷ್ಯ ಎಂದು ಒಂದು ಮಾತು ಹೇಳಿದ.

ಮುಂದಿನ ಭಾನುವಾರಗಳೆಲ್ಲ ಹಳೇ ಕಲ್ಲುಗಣಿಯಲ್ಲಿ ಕಳೆದವು. ರಟ್ಟಿನ ಪೆಟ್ಟಿಗೆಗೆ ಊಟದ ಕಾಗದದ ತಟ್ಟೆ ಅಂಟಿಸಿ, ತಟ್ಟೆಯ ನಡುವೆ ಡೆನ್ಜಿಲನ ಟೋಪಿ ಇದೆ ಎಂದುಕೊಂಡು ಹೊಡೆದಳು. ದುರ್ಬೀನಿನ ತಿರುಪು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗಿಸಿ ಮತ್ತೆ ಹೊಡೆದಳು. ಹೆಗಲು ನೀಲಿಗಟ್ಟಿತು. ಕೊನೆಗೆ ಗುಂಡುಗಳೆಲ್ಲ ಒಂದು ಕಾಫಿ ಬಟ್ಟಲು ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಆಗಲೂ ಅವಳಿಗೆ ಆ ಕೋವಿಯ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ. ಮನೆಗೆ ತಂದು ಪೊರಕೆಯ ಪಕ್ಕ ನಿಲ್ಲಿಸಿದಳು.

ಬೇಟೆಯ ಹಿಂದಿನ ದಿನ ಮಧ್ಯಾಹ್ನ ಅವಳು ಬೇಟೆಮನೆಗೆ ಬಂದಾಗ ಗಂಡಸರೆಲ್ಲ ಒಲೆಯ ಸುತ್ತ ಕೂತಿದ್ದರು. ಪ್ಲಾಸ್ಟಿಕ್ ಕೋವಿ ಕಂಡದ್ದೇ ಡೆನ್ಜಿಲ್‌ಗೆ ಹಬ್ಬವಾಯಿತು. "ಅಕ್ಕಯ್ಯ, ಇದ್ರಲ್ಲಿ ಗುಂಡು ಬರ್ತದೋ ನೀರು ಬರ್ತದೋ?" ಎಂದ. ಎಲ್ಲರೂ ನಕ್ಕರು. ವೆಲ್ಡಾ ಹಲ್ಲು ಕಚ್ಚಿಕೊಂಡು ಕೋವಿಯನ್ನು ಮೂಲೆಯ ಮೊಳೆಗೆ ತಗಲಿಹಾಕಿದಳು.

ಡೆನ್ಜಿಲ್‌ನ ತೊಡೆಯ ಮೇಲೆ ಅಪ್ಪನ ಕೋವಿ ಇತ್ತು. ಎಲ್ಲರಿಗೂ ಕಾಣಲಿ ಎಂದು ಒರೆಸುತ್ತಿದ್ದ. ಹೊಡೆದು ನೋಡಿದ್ದೀಯಾ ಎಂದು ಓಕಿ ಕೇಳಿದ. ಹೋಬರ್ಟ್ ಕೋಗರನ ಕೋವಿಗೆ ಪರೀಕ್ಷೆ ಯಾಕೆ ಮಾವ, ಅದು ತಾನಾಗೇ ಹೋಗಿ ಹೊಡೆಯುತ್ತದೆ ಎಂದ ಡೆನ್ಜಿಲ್.

ವೆಲ್ಡಾ ಬಾಯಿ ತೆರೆದಳು. ಆ ಕೋವಿಗೆ ದುರ್ಬೀನಿಲ್ಲ, ನಳಿಗೆಯ ಮೇಲಿನ ಕಬ್ಬಿಣದ ಪಟ್ಟಿಗಳಲ್ಲೇ ಗುರಿ ನೋಡಬೇಕು. ಬಹಳ ಹಿಂದೆ ಅಪ್ಪ ಹಳ್ಳದ ಕಲ್ಲಿನ ಮೇಲೆ ಜಾರಿಬಿದ್ದಾಗ ಹಿಂದಿನ ಪಟ್ಟಿಗೆ ಏಟು ಬಿದ್ದು ಸರಿದಿತ್ತು. ಅಂದಿನಿಂದ ಗುಂಡು ಬಲಕ್ಕೆ ಒಂದು ಗೇಣು ಹೋಗುತ್ತಿತ್ತು. ಅಪ್ಪ ಹಟಮಾರಿ. ನನ್ನ ಕೋವಿ ಎಲ್ಲಿ ಹೊಡೆಯುತ್ತದೆಂದು ನನಗೆ ಗೊತ್ತು, ಯಾವನೂ ಸುತ್ತಿಗೆ ಹಿಡಿದು ಹತ್ತಿರ ಬರಕೂಡದು ಎಂದು ಅವಳ ಬಾಯಿ ಮುಚ್ಚಿಸಿದ್ದ. ಒಂದು ಗೇಣು ಎಡಕ್ಕೆ ಹಿಡಿ ಮಗಳೇ ಎಂದು ಅವಳಿಗೊಬ್ಬಳಿಗೇ ಹೇಳಿಕೊಟ್ಟಿದ್ದ. ಈ ಮಾತು ವೆಲ್ಡಾಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಡೆನ್ಜಿಲ್ ಅವಳ ಕಡೆ ತಿರುಗಿ, ಬೀನ್ಸ್ ನೆನೆಸಿದ್ದೀಯಾ ಎಂದು ಕೇಳಿದ.

ಅವಳು ಬಾಯಿ ಮುಚ್ಚಿಕೊಂಡಳು. ಕಣ್ಣು ಎದುರಿನ ಗೋಡೆಗೆ ಹೋಯಿತು. ಆ ಗೋಡೆಯ ತುಂಬ ಅಂಗಿಯ ಚಿಂದಿಗಳು. ನಮ್ಮ ಬೇಟೆಮನೆಗಳ ಪದ್ಧತಿ ಅದು: ಜಿಂಕೆಗೆ ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಹಿಂಬದಿಯ ತುದಿಯನ್ನು ಹಿರಿಯನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುತ್ತಾನೆ. ಅದು ಅಲ್ಲೇ ಬಣ್ಣಗೆಟ್ಟು, ಹೊಗೆ ಹಿಡಿದು, ಮೊಮ್ಮಕ್ಕಳು ಓದಿ ನಗುವವರೆಗೂ ಇರುತ್ತದೆ. ವೆಲ್ಡಾಳ ಹೆಸರು ಆ ಗೋಡೆಯ ಮೇಲೆ ಎಲ್ಲೂ ಇರಲಿಲ್ಲ. ಡೆನ್ಜಿಲ್ ಹಾಕಿದ್ದ ಹೊಸ ಚೌಕಳಿ ಅಂಗಿಯನ್ನು ನೋಡಿ, ನಾಳೆ ಇದರದೊಂದು ತುಂಡು ಅಲ್ಲಿ ಎಂದುಕೊಂಡಳು. ಅಪ್ಪ ಸತ್ತ ಮೇಲೆ ಮೊದಲ ಸಲ ಅವಳ ತುಟಿಯಲ್ಲಿ ನಗು ಬಂತು.

ಸೋಮವಾರ ಬೆಳಕು ಹರಿಯುವ ಮುಂಚೆ ಓಕಿ ಎಲ್ಲರಿಗೂ ಜಾಗ ಹೇಳಿದ. ಡೆನ್ಜಿಲ್‌ಗೆ ಅಪ್ಪನ ಬಂಡೆ, ವೆಲ್ಡಾಳಿಗೆ ಅದರ ಕೆಳಗಿನ ಕಣಿವೆ. ಅಲ್ಲಿ ಲಾರೆಲ್ ಪೊದೆಗಳು ನಾಯಿಯೂ ನುಗ್ಗದಷ್ಟು ದಟ್ಟವಾಗಿ ಹೆಣೆದುಕೊಂಡಿದ್ದವು, ಜಿಂಕೆ ಕಣ್ಣಿಗೆ ಬೀಳುವುದೇ ಕಷ್ಟ. ಅವಳು ಹೋಗಿ ಕೂತಳು. ಬಿಸಿಲೇರುವ ಹೊತ್ತಿಗೆ ಬಂಡೆಯ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು ಬಂತು. ಆಮೇಲೆ ಏನೂ ಇಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಸೇರಿದರು. ದೊಡ್ಡ ಕೊಂಬಿನ ಗಂಡು ಜಿಂಕೆ, ಅಡ್ಡಲಾಗಿ ನಿಂತಿತ್ತು, ಹೊಡೆದೆ, ತಪ್ಪಿತು ಎಂದು ಡೆನ್ಜಿಲ್ ಮುಖ ಸಣ್ಣದು ಮಾಡಿಕೊಂಡು ಹೇಳಿದ. ಇಳಿದು ಹೋಗಿ ನೆಲ ನೋಡಿದೆಯಾ, ರಕ್ತ ಇತ್ತಾ ಎಂದು ಓಕಿ ಕೇಳಿದ. ನೋಡಿದೆ, ಒಂದು ಕೂದಲೂ ಇಲ್ಲ, ಪೂರ್ತಿ ತಪ್ಪಿದ್ದೇ ಎಂದ. ಓಕಿ ಎದ್ದು ಕತ್ತರಿ ತಂದ. ಚೌಕಳಿ ಅಂಗಿಯ ತುದಿ ಕಚಕ್ಕೆಂದು ಬಂತು, ಗೋಡೆಗೇರಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ವೆಲ್ಡಾ. ಜೋಳದ ರೊಟ್ಟಿ ಎರಡು ತುಂಡು ಹೆಚ್ಚೇ ತಿಂದಳು.

ಹೊಟ್ಟೆ ತುಂಬಿ, ಮನಸ್ಸು ತುಂಬಿ ಅವಳು ಮತ್ತೆ ಕಣಿವೆಗೆ ಇಳಿದಳು. ಬಂಡೆಯ ಬುಡ ದಾಟುವಾಗ ಒಂದು ಎಲೆಯ ಮೇಲೆ ಕಪ್ಪುಗೆಂಪಿನ ಹನಿ ಕಂಡಿತು. ಬಗ್ಗಿ ಎತ್ತಿಕೊಂಡಳು. ರಕ್ತದ ಜೊತೆ ಜಗಿದ ಹಸಿರು. ಮೂಸಿ ನೋಡುವುದೇ ಬೇಕಿರಲಿಲ್ಲ. ಹೊಟ್ಟೆಗೆ ಬಿದ್ದ ಗುಂಡು ಅದು. ಎದೆಗೆ ಬಿದ್ದರೆ ಜಿಂಕೆ ನೂರು ಹೆಜ್ಜೆಯೊಳಗೆ ಬೀಳುತ್ತದೆ, ಹೊಟ್ಟೆಗೆ ಬಿದ್ದದ್ದು ದಿನವೆಲ್ಲ ನರಳುತ್ತದೆ.

ಅವಳ ಮೈಯೆಲ್ಲ ಬೆಂಕಿಯಾಯಿತು. ನೆಲ ನೋಡಿದನಂತೆ. ಬಂಡೆಯಿಂದ ಇಳಿದೇ ಇಲ್ಲ ಅವನು, ಈ ಪೊದೆಗಳಲ್ಲಿ ತೆವಳಬೇಕಾಗುತ್ತದೆಂದು ತಪ್ಪಿತು ಎಂದುಬಿಟ್ಟ, ಸೋಮಾರಿ. ಅವಳು ಕೋವಿಯನ್ನು ಎದೆಗೆ ಅವಚಿಕೊಂಡು ಪೊದೆಗಳ ಕೆಳಗೆ ನುಸುಳಿದಳು. ಮೊಣಕಾಲೂರಿ, ಕೆಲವು ಕಡೆ ಹೊಟ್ಟೆಯ ಮೇಲೆ ತೆವಳಿ, ಹನಿಯಿಂದ ಹನಿಗೆ ಹೋದಳು. ಮುಖ ಗೀರಿತು, ಟೋಪಿ ಎಲ್ಲೋ ಸಿಕ್ಕಿಕೊಂಡಿತು. ದಾರಿಯುದ್ದಕ್ಕೂ ಡೆನ್ಜಿಲ್‌ಗೆ ಬಾಯಿಗೆ ಬಂದದ್ದೆಲ್ಲ ಬೈದಳು. ಪ್ಲಾಸ್ಟಿಕ್ ಹಿಡಿ ಕಲ್ಲಿಗೂ ಬೇರಿಗೂ ಬಡಿಯುತ್ತಿತ್ತು, ಅದಕ್ಕೇನೂ ಆಗಲಿಲ್ಲ.

ಹೊತ್ತು ಇಳಿಯುವಾಗ ಹಳ್ಳದ ಪಕ್ಕ ಅದು ಕಂಡಿತು. ಮಲಗಿತ್ತು, ತಲೆ ಮಾತ್ರ ಎತ್ತಿತ್ತು. ಇವಳನ್ನು ಕಂಡು ಏಳಲು ನೋಡಿತು, ಹಿಂಗಾಲು ಮಾತು ಕೇಳಲಿಲ್ಲ. ಅವಳು ಉಸಿರು ಬಿಗಿಹಿಡಿದು, ದುರ್ಬೀನಿನ ಗೆರೆಯನ್ನು ಭುಜದ ಹಿಂದೆ ಇಟ್ಟು ಹೊಡೆದಳು. ತಲೆ ನೆಲಕ್ಕೆ ಬಿತ್ತು.

ಹತ್ತಿರ ಹೋಗಿ ನೋಡಿದಳು. ಜಿಂಕೆ ಎಡಕ್ಕೆ ಮುಖ ಮಾಡಿ ನಿಂತಿದ್ದಾಗ ಡೆನ್ಜಿಲ್ ಹೊಡೆದ ಗುಂಡು. ಭುಜದ ಹಿಂದೆ ಬೀಳಬೇಕಾದದ್ದು ಬಲಕ್ಕೆ, ಹೊಟ್ಟೆಗೆ ಬಿದ್ದಿತ್ತು. ಅವಳು ಕೈ ಚಾಚಿ, ತನ್ನ ಗುಂಡು ಹೊಕ್ಕಲ್ಲಿ ಹೆಬ್ಬೆರಳಿಟ್ಟು ಅಳೆದಳು. ಕಿರುಬೆರಳು ಡೆನ್ಜಿಲ್‌ನ ಗುಂಡಿನ ತೂತಿನ ಮೇಲೆ ಬಂತು. ಸರಿಯಾಗಿ ಒಂದು ಗೇಣು.

ಡೆನ್ಜಿಲ್ ಒಳ್ಳೆಯ ಗುರಿಯನ್ನೇ ಹಿಡಿದಿದ್ದ. ವೆಲ್ಡಾ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಅಂಗಿಯ ಚಿಂದಿಯೊಂದನ್ನೇ ಅವಳು ನೆನೆದಿದ್ದದ್ದು. ತಪ್ಪಿದರೆ ಪೂರ್ತಿ ತಪ್ಪುತ್ತದೆ ಎಂದುಕೊಂಡಿದ್ದಳು, ಅರ್ಧ ತಪ್ಪಬಹುದೆಂದು ಹೊಳೆದೇ ಇರಲಿಲ್ಲ. ಅವಳು ನಗುತ್ತ ಜೋಳದ ರೊಟ್ಟಿ ತಿನ್ನುವಾಗ ಇದು ಇಲ್ಲಿ ಬಿದ್ದುಕೊಂಡಿತ್ತು. ದಾರಿಯುದ್ದಕ್ಕೂ ಡೆನ್ಜಿಲ್‌ಗೆ ಬೈದ ಬೈಗುಳವೆಲ್ಲ ಈಗ ತಿರುಗಿ ಅವಳ ಮೇಲೇ ಬಂತು.

ಗುಂಡಿನ ಸದ್ದು ಕೇಳಿ ಓಕಿ ಮತ್ತು ಇನ್ನಿಬ್ಬರು ಬಂದು ಜಿಂಕೆಯನ್ನು ಎಳೆಯಲು ಕೈ ಹಾಕಿದರು. ಬೇಟೆಮನೆಯ ಅಂಗಳದ ದೀಪದ ಬೆಳಕಿನಲ್ಲಿ ಎರಡು ತೂತುಗಳೂ ಎಲ್ಲರಿಗೂ ಕಂಡವು. ಡೆನ್ಜಿಲ್ ಓಡಿಬಂದ. "ಮೊದ್ಲ ರಕ್ತ ನಂದು," ಅಂದ. "ಹಾಗಾಗಿ ಜಿಂಕೆ ನಂದು. ಕಟ್ಟಳೆ ಅಂದ್ರೆ ಕಟ್ಟಳೆ."

ಕಟ್ಟಳೆ ಅದೇ, ನಿಜ. ಮೊದಲು ರಕ್ತ ಹರಿಸಿದವನದೇ ಜಿಂಕೆ. ಎಲ್ಲರೂ ಓಕಿಯ ಮುಖ ನೋಡಿದರು. ಓಕಿ ಬಾಗಿಲಿನಿಂದ ಒಳಗಿನ ಗೋಡೆಯತ್ತ ಕೈ ತೋರಿಸಿದ. "ಪೂರ್ತಿ ತಪ್ಪಿತು ಅಂದೋನು ನೀನು. ಅಲ್ಲಿ ನಿನ್ನ ಅಂಗಿ ಇದೆ. ತಪ್ಪಿದೋನಿಗೆ ಜಿಂಕೆ ಎಲ್ಲಿಂದ ಬಂತು?"

ಡೆನ್ಜಿಲ್ ಒಳಗೆ ನುಗ್ಗಿ ಚಿಂದಿಗೆ ಕೈ ಹಾಕಿದ. ಆ ಗೋಡೆಯಿಂದ ಇವತ್ತಿನವರೆಗೆ ಒಂದು ನೂಲೂ ಇಳಿದಿಲ್ಲ, ನಿಮ್ಮಪ್ಪನದೂ ಅಲ್ಲೇ ಇದೆ ಎಂದ ಓಕಿ. ಡೆನ್ಜಿಲ್‌ನ ಕೈ ನಿಂತಿತು. ಸಿಟ್ಟಿಗೆ ಅಪ್ಪನ ಕೋವಿಯನ್ನೆತ್ತಿ, ಹಿಂದೆಯೇ ಒಳಬಂದ ವೆಲ್ಡಾಳ ಮುಂದೆ ಮೇಜಿನ ಮೇಲೆ ಕುಕ್ಕಿದ. ಇದು ಡೊಂಕು ಕೋವಿ, ದರಿದ್ರ ಕೋವಿ, ಅಷ್ಟು ಆಸೆಯಿದ್ದರೆ ನೀನೇ ಇಟ್ಟುಕೋ ಎಂದ.

ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಅವಳು ಆಸೆಪಟ್ಟದ್ದು ಅದೇ. ಮರದ ಹಿಡಿ ಅವಳ ಕೈಗೆ ತಾಗುವಷ್ಟು ಹತ್ತಿರವಿತ್ತು.

"ಡೊಂಕಲ್ಲ," ಎಂದಳು ವೆಲ್ಡಾ. "ಹಿಂದಿನ ಪಟ್ಟಿ ಸರಿದಿದೆ. ಬಲಕ್ಕೆ ಗೇಣು ಹೋಗ್ತದೆ. ಅಪ್ಪ ಬಿದ್ದಾಗಿಂದ ಹಾಗೇ."

ಡೆನ್ಜಿಲ್ ಅವಳನ್ನೇ ನೋಡಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನೆ ಹೇಳ್ಬೇಕಿತ್ತು. ನಿನ್ನ ಮೇಲಿನ ಸಿಟ್ಟಿಗೆ ಹೇಳಲಿಲ್ಲ. ನೀನು ಸೋಮಾರಿತನಕ್ಕೆ ಇಳಿದು ನೋಡಲಿಲ್ಲ. ನಮ್ಮಿಬ್ರ ಜಗಳಕ್ಕೆ ಆ ಪ್ರಾಣಿ ದಿನವಿಡೀ ಕರುಳು ಎಳ್ಕೊಂಡು ಒದ್ದಾಡ್ತು."

ವೆಲ್ಡಾ ತನ್ನ ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು, ಓಕಿಗೆ ಬೆನ್ನು ತಿರುಗಿಸಿ ನಿಂತಳು. ನೀನು ತಪ್ಪಿಸಿಲ್ಲವಲ್ಲ ಹುಡುಗಿ ಎಂದ ಓಕಿ.

"ಕತ್ತರ್ಸು ಮಾವ," ಎಂದಳು.

ಮುದುಕ ಕತ್ತರಿ ಎತ್ತಿಕೊಂಡ. ಅಂಗಿಯ ತುದಿ ಕತ್ತರಿಸಿದ. ಹೆಸರು ಬರೆದ. ಚೌಕಳಿ ಚಿಂದಿಯ ಪಕ್ಕ ವೆಲ್ಡಾಳ ನೀಲಿ ಚಿಂದಿಗೂ ಮೊಳೆ ಬಿತ್ತು. ಅವಳು ಅಪ್ಪನ ಕೋವಿಯನ್ನು ಮುಟ್ಟಲಿಲ್ಲ. ಪಟ್ಟಿ ಸರಿಮಾಡಿಸಿಕೊಂಡು ನೀನೇ ಇಟ್ಟುಕೋ, ಮುಂದಿನ ವರ್ಷ ಹೊಡೆದು ನೋಡದೆ ತಂದರೆ ಕೈ ಮುರಿಯುತ್ತೇನೆ ಎಂದು ಡೆನ್ಜಿಲ್‌ಗೆ ಹೇಳಿ, ಚಾಕು ಹಿಡಿದು ಅಂಗಳಕ್ಕೆ ಬಂದಳು. ಅಂಗಿಯ ಹಿಂದೆ ಬಟ್ಟೆ ಇಲ್ಲದ ಕಡೆ ಚಳಿ ಹೊಡೆಯುತ್ತಿತ್ತು.

ಡೆನ್ಜಿಲ್ ಬಾಗಿಲಲ್ಲೇ ನಿಂತಿದ್ದ, ಅವನ ಬೆನ್ನಿಗೂ ಚಳಿ ಹೊಡೆಯುತ್ತಿದ್ದಿರಬೇಕು. "ಏನ್ ನೋಡ್ತಾ ನಿಂತಿದ್ದೀಯ," ಎಂದಳು ವೆಲ್ಡಾ. "ಬಂದು ಕಾಲು ಹಿಡ್ಕೋ."

ಅವನು ಬಂದು ಜಿಂಕೆಯ ಹಿಂಗಾಲು ಹಿಡಿದುಕೊಂಡ. ಸರಿಯಾಗಿ ಹಿಡಿಯಲು ಬರುವುದಿಲ್ಲ ಎಂದು ಅವಳು ಅದಕ್ಕೂ ಬೈದಳು.